ಜನರೇ ಕಟ್ಟಿದ ಪಡೆ ಯುದ್ಧ ಗೆಲ್ಲುತ್ತಾ?

ಪ್ರಶ್ನೆ: ಸಾಮಾನ್ಯ ಜನ ಬಂದೂಕು ಹಿಡಿದರೆ ದೇಶ ಉಳಿಯುತ್ತದೆಯೇ?

ಉತ್ತರ: ಸ್ವಲ್ಪ ಹೊತ್ತು ತಡೆಯುತ್ತಾರೆ, ಅದು ಸಣ್ಣ ಮಾತಲ್ಲ. 1775ರ ಏಪ್ರಿಲ್ 19ರಂದು ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಎದುರು ನಿಂತ ಸ್ಥಳೀಯರಲ್ಲಿ ಎಂಟು ಜನ ಸತ್ತರು. ಆದರೆ ಅದೇ ಸೈನ್ಯ ಬಾಸ್ಟನ್‌ಗೆ ಮರಳುವಾಗ ದಾರಿಯುದ್ದಕ್ಕೂ ಕಲ್ಲಿನ ಗೋಡೆ, ಮರಗಳ ಮರೆಯಿಂದ ರೈತರು ಗುಂಡು ಹಾರಿಸಿದರು. ಅಷ್ಟಾದರೂ ಅಮೆರಿಕನ್ನರಿಗೆ ಈ ಸ್ವಾತಂತ್ರ್ಯ ಯುದ್ಧ ಗೆಲ್ಲೋಕೆ ತರಬೇತಾದ ಸೈನ್ಯ ಬೇಕಾಯಿತು, ಫ್ರಾನ್ಸ್‌ನ ನೆರವೂ ಬೇಕಾಯಿತು.

ನನಗೆ ಜಾಸ್ತಿ ಇಷ್ಟವಾಗೋದು ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸಾಮಾನ್ಯ ಜನ ಸೇರಿದ್ದ ಹೋಮ್ ಗಾರ್ಡ್ ಪಡೆ. 1940ರ ಮೇನಲ್ಲಿ ರೇಡಿಯೊದಲ್ಲಿ ಕರೆ ಬಂದದ್ದೇ ತಡ, ಲಕ್ಷಾಂತರ ಜನ ಹೆಸರು ಬರೆಸಿದರು. ಎಲ್ಲರಿಗೂ ಬಂದೂಕು ಎಲ್ಲಿಂದ ಬರಬೇಕು? ಆಮೇಲೆ ಉಕ್ಕಿನ ಕೊಳವೆಯ ತುದಿಗೆ ಹಳೆಯ ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಬೆಸುಗೆ ಹಾಕಿ ಈಟಿ ಮಾಡಿಸಿದರು! ಜರ್ಮನರು ಸೈನ್ಯ ಇಳಿಸಿ ದಾಳಿಗೆ ಬರಲೇ ಇಲ್ಲ. 1944ರ ಡಿಸೆಂಬರ್‌ನಲ್ಲಿ ಪಡೆಯನ್ನು ಕರ್ತವ್ಯದಿಂದ ಬಿಡಿಸಿದರು, ಪಡೆಯವರು ಸುಮ್ನೆ ಮನೆಗೆ ಹೋದರು. ಇದೇ ಅಪರೂಪ ಅಲ್ವಾ?

2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಉಕ್ರೇನಿನ ಕೀವ್ ನಗರದಲ್ಲೂ ಜನರಿಗೆ ರೈಫಲ್ ಹಂಚಿದರು. ಆದರೆ 1994ರ ರುವಾಂಡಾದಲ್ಲಿ ಇಂಟರಾಹಾಮ್ವೆ ಎಂಬ ಪಡೆ ನೆರೆಹೊರೆಯವರನ್ನೇ ಮಚ್ಚಿನಿಂದ ಕೊಚ್ಚಿತು. ಅವರೂ ಸಾಮಾನ್ಯ ಜನರೇ. ಹಾಗಾಗಿ ಪಡೆ ಯಾರ ಮಾತು ಕೇಳುತ್ತದೆ ಅನ್ನೋದನ್ನೇ ನಾನು ಮೊದಲು ನೋಡುತ್ತೇನೆ.