ಎಪಿಎಂಸಿ ದರದ ಆ್ಯಪ್‌ನಲ್ಲಿ ಯಾರು ಏನು ನೋಡುತ್ತಾರೆ ಅಂತ ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಎಪಿಎಂಸಿ ದರ ತೋರಿಸುವ ಆ್ಯಪ್ ಅನ್ನು ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಗೂಗಲ್‌ನ ಸಾಧನ) ಮಾಡಿದ್ದೀರಿ, ಬಳಕೆಯ ಲೆಕ್ಕ ಇಡುವ ಫೈರ್‌ಬೇಸ್ ಅನಲಿಟಿಕ್ಸ್ ಕೂಡ ಹಾಕಿದ್ದೀರಿ. ಆದರೆ ಎಲ್ಲ ಸ್ಕ್ರೀನೂ 'ಮೇನ್‌ಆಕ್ಟಿವಿಟಿ' ಅಂತಲೇ ಬರುತ್ತಿದೆ, ಬಳಕೆದಾರರಲ್ಲಿ ಬಹಳಷ್ಟು ಜನ ಬೆಂಗಳೂರಿನವರು ಅಂತ ತೋರಿಸುತ್ತಿದೆ. ಎರಡಕ್ಕೂ ಕಾರಣ ಇದೆ.

ಮೊದಲು ಸ್ಕ್ರೀನಿನ ವಿಷಯ. ಫೈರ್‌ಬೇಸ್ ತಾನಾಗಿ ಗಮನಿಸುವುದು ಆಂಡ್ರಾಯ್ಡ್ ಆಕ್ಟಿವಿಟಿಗಳನ್ನು (ಪರದೆ ತೋರಿಸುವ ಘಟಕಗಳನ್ನು) ಮಾತ್ರ. ಫ್ಲಟರ್ ಆ್ಯಪ್ ಇಡೀ ಒಂದೇ ಆಕ್ಟಿವಿಟಿಯೊಳಗೆ ಓಡುವುದರಿಂದ ಅದಕ್ಕೆ ಕಾಣುವುದೂ ಒಂದೇ ಹೆಸರು. ಮೆಟೀರಿಯಲ್‌ಆ್ಯಪ್‌ನಲ್ಲಿ ನ್ಯಾವಿಗೇಟರ್‌ ಅಬ್ಸರ್ವರ್‌ಗಳ (ಪುಟ ಬದಲಾದದ್ದನ್ನು ಗಮನಿಸುವ ಕೋಡ್) ಪಟ್ಟಿಗೆ ಫೈರ್‌ಬೇಸ್‌ಅನಲಿಟಿಕ್ಸ್‌ಅಬ್ಸರ್ವರ್ ಸೇರಿಸಿ. ಅದು ರೂಟ್‌ನ, ಅಂದರೆ ತೆರೆದ ಪುಟದ, ಸೆಟ್ಟಿಂಗ್ಸ್‌ನಲ್ಲಿರುವ ಹೆಸರನ್ನು ಓದುತ್ತದೆ, ಹೆಸರು ಕೊಡದೆ ಪುಶ್ ಮಾಡಿದ (ತೆರೆದ) ಪುಟ ಲೆಕ್ಕಕ್ಕೆ ಬರುವುದೇ ಇಲ್ಲ. ಕೆಳಗಿನ ಟ್ಯಾಬ್‌ಗಳು ರೂಟ್ ಅಲ್ಲ, ಹಾಗಾಗಿ ಅವೂ ಕಾಣುವುದಿಲ್ಲ. ಟ್ಯಾಬ್ ಒತ್ತಿದ ಜಾಗದಲ್ಲಿ ಲಾಗ್‌ಸ್ಕ್ರೀನ್‌ವ್ಯೂ ಅನ್ನು ನೀವೇ ಕರೆಯಬೇಕು. ಪುಟ ಬದಲಿಸಲು ಗೋ ರೂಟರ್ ಪ್ಯಾಕೇಜ್ ಬಳಸಿದ್ದರೆ, ಒಳಪುಟಗಳನ್ನು ಸುತ್ತುವ ಶೆಲ್ ರೂಟ್‌ಗೆ ಬೇರೆಯೇ ಅಬ್ಸರ್ವರ್ ಕೊಡಿ. ಇಷ್ಟಾದ ಮೇಲೆ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ಸೆಟ್ಟಿಂಗ್, ಪರ್ಮಿಷನ್ ಬರೆಯುವ ಆಂಡ್ರಾಯ್ಡ್ ಫೈಲ್) ಆಟೋಮ್ಯಾಟಿಕ್ ಸ್ಕ್ರೀನ್ ರಿಪೋರ್ಟಿಂಗ್ ಅನ್ನು ಫಾಲ್ಸ್ ಮಾಡಿ, ಇಲ್ಲದಿದ್ದರೆ ಮೇನ್‌ಆಕ್ಟಿವಿಟಿಯೂ ಜೊತೆಗೆ ಬರುತ್ತಲೇ ಇರುತ್ತದೆ.

ಯಾವ ಲಾಗಿಂಗನ್ನೂ ವಿಜೆಟ್‌ನ ಬಿಲ್ಡ್ ಫಂಕ್ಷನ್‌ನೊಳಗೆ ಇಡಬೇಡಿ. ಸೆಟ್‌ಸ್ಟೇಟ್‌ನಿಂದ ಪರದೆ ಬದಲಾದಾಗಲೆಲ್ಲ ಬಿಲ್ಡ್ ಮತ್ತೆ ಓಡುತ್ತದೆ. ರೈತರೊಬ್ಬರು ಮೆಕ್ಕೆಜೋಳದ ದರ ಒಂದು ಸಲ ನೋಡಿದ್ದು ಹತ್ತು ಸಲ ಅಂತ ದಾಖಲಾಗುತ್ತದೆ, ವರದಿ ನೋಡಿದರೆ ಆ ತಪ್ಪು ಗೊತ್ತೂ ಆಗುವುದಿಲ್ಲ. ಪುಟ ತೆರೆದಾಗ ಒಂದೇ ಸಲ ಓಡುವ ಇನಿಟ್‌ಸ್ಟೇಟ್‌ನಲ್ಲಿ ಇಡಿ, ಅಥವಾ ಬಟನ್ ಒತ್ತಿದಾಗ ಕರೆಯಿರಿ.

ಇನ್ನು ಇವೆಂಟ್‌ಗಳು, ಅಂದರೆ ಆ್ಯಪ್‌ನಲ್ಲಿ ನಡೆದ ಒಂದೊಂದು ಸಂಗತಿಯ ದಾಖಲೆ. ನಿಮ್ಮ ಆ್ಯಪ್‌ಗೆ ಐದಾರು ಸಾಕು ಅನ್ನುವುದು ನನ್ನ ಅಭಿಪ್ರಾಯ: ದರ ನೋಡಿದ್ದು, ಮಾರುಕಟ್ಟೆ ಬದಲಿಸಿದ್ದು, ವಾಟ್ಸ್‌ಆ್ಯಪ್‌ಗೆ ಶೇರ್ ಮಾಡಿದ್ದು, ಅಲರ್ಟ್ ಹಾಕಿಕೊಂಡದ್ದು, ದರ ಲೋಡ್ ಆಗದೆ ಹೋದದ್ದು. ಕೊನೆಯದನ್ನು ಬಿಡಲೇಬೇಡಿ. ಜನ ಆ್ಯಪ್ ಅಳಿಸಿಹಾಕುವ ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ. ಪ್ರತಿ ಬೆಳೆಗೂ, ಪ್ರತಿ ಊರಿಗೂ ಬೇರೆ ಬೇರೆ ಇವೆಂಟ್ ಮಾಡುವುದು ಬೇಡ. 'ದರ ನೋಡಿದ್ದು' ಅನ್ನುವ ಒಂದೇ ಇವೆಂಟ್ ಇರಲಿ, ಬೆಳೆ ಮತ್ತು ಮಾರುಕಟ್ಟೆ ಅದರ ಪ್ಯಾರಾಮೀಟರ್‌ಗಳಾಗಲಿ (ಇವೆಂಟ್ ಜೊತೆ ಹೋಗುವ ವಿವರಗಳು). ಇವೆಂಟ್ ಹೆಸರು 40 ಅಕ್ಷರದೊಳಗಿರಬೇಕು, ಒಂದು ಇವೆಂಟ್‌ಗೆ 25 ಪ್ಯಾರಾಮೀಟರ್‌ವರೆಗೆ ಹಾಕಬಹುದು. ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆಯಾಗಿ ಲೆಕ್ಕವಾಗುತ್ತವೆ. ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದು ಒಂದೇ ಫೈಲಿನಲ್ಲಿ ಕಾನ್ಸ್‌ಟಂಟ್ ಆಗಿ ಇಡಿ. ಫ್ಲಟರ್‌ನಲ್ಲಿ ಪ್ಯಾರಾಮೀಟರ್‌ನ ವ್ಯಾಲ್ಯೂ ಸ್ಟ್ರಿಂಗ್ (ಪಠ್ಯ) ಅಥವಾ ಸಂಖ್ಯೆಯೇ ಆಗಿರಬೇಕು, ಟ್ರೂ ಫಾಲ್ಸ್ ಕಳಿಸಿದರೆ ಎರರ್ ಬರುತ್ತದೆ. 1, 0 ಕಳಿಸಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನು: ಪರದೆಯ ಮೇಲೆ ಕಾಣುವ ಪಠ್ಯವನ್ನು ಅನಲಿಟಿಕ್ಸ್‌ಗೆ ಕಳಿಸಬೇಡಿ. ನಿಮ್ಮ ಆ್ಯಪ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುವುದರಿಂದ ಒಂದೇ ಮಾರುಕಟ್ಟೆ ಕನ್ನಡದಲ್ಲೊಂದು ಸಾಲು, ಇಂಗ್ಲಿಷಿನಲ್ಲೊಂದು ಸಾಲು ಆಗುತ್ತದೆ. ಸಾಲದ್ದಕ್ಕೆ ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ಮೂರು ಸಾಲಾದ ಮೇಲೆ ಮೊತ್ತ ನಂಬುವುದು ಹೇಗೆ? ದಾವಣಗೆರೆ, ಚನ್ನಗಿರಿ, ಚಳ್ಳಕೆರೆ, ಭೀಮಸಮುದ್ರ ಹೀಗೆ ಪ್ರತಿ ಮಾರುಕಟ್ಟೆಗೂ ಮೂರಕ್ಷರದ ಕೋಡ್ ಗೊತ್ತುಮಾಡಿ, ಅದನ್ನೇ ಕಳಿಸಿ. ಮೆಕ್ಕೆಜೋಳ, ಶೇಂಗಾ, ಅಡಿಕೆಗೂ ಹಾಗೇ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಈ ಬಗೆಗಳಿಗೆ ಬೇರೆ ಪ್ಯಾರಾಮೀಟರ್ ಇಡಿ, ಬೆಳೆಯ ಹೆಸರಿನೊಂದಿಗೆ ಅಂಟಿಸಬೇಡಿ.

ಕೋಡ್ ಕಳಿಸಿದ ಮಾತ್ರಕ್ಕೆ ವರದಿಯಲ್ಲಿ ಬೆಳೆ, ಮಾರುಕಟ್ಟೆ ಕಾಣುವುದಿಲ್ಲ. ಅನಲಿಟಿಕ್ಸ್‌ನ ಅಡ್ಮಿನ್ ಭಾಗದಲ್ಲಿ ಪ್ರತಿ ಪ್ಯಾರಾಮೀಟರನ್ನೂ ಕಸ್ಟಮ್ ಡೈಮೆನ್ಷನ್ (ವರದಿಯನ್ನು ವಿಂಗಡಿಸುವ ಅಂಶ) ಆಗಿ ನೋಂದಾಯಿಸಬೇಕು. ನೋಂದಣಿಗೆ ಮೊದಲು ಬಂದ ಡೇಟಾಗೆ ಅದು ಅನ್ವಯವಾಗುವುದಿಲ್ಲ. ಹಾಗಾಗಿ ಹೊಸ ಆವೃತ್ತಿ ಪ್ಲೇ ಸ್ಟೋರ್‌ಗೆ ಏರಿಸುವ ಮುಂಚೆಯೇ ಈ ಕೆಲಸ ಮುಗಿಸಿ. ಅಲ್ಲೇ ಡೇಟಾ ರಿಟೆನ್ಷನ್ (ಡೇಟಾ ಉಳಿಸುವ ಅವಧಿ) 2 ತಿಂಗಳಿಗೆ ಇರುತ್ತದೆ, 14 ತಿಂಗಳಿಗೆ ಬದಲಿಸಿ. ಮೆಕ್ಕೆಜೋಳದ ಒಂದು ಹಂಗಾಮನ್ನು ಹಿಂದಿನ ಹಂಗಾಮಿನ ಜೊತೆ ಎಕ್ಸ್‌ಪ್ಲೊರೇಷನ್‌ನಲ್ಲಿ (ನೀವೇ ಕಟ್ಟಿಕೊಳ್ಳುವ ವರದಿ) ಹೋಲಿಸಬೇಕೆಂದರೆ ಇದು ಬೇಕೇ ಬೇಕು.

ಬೆಂಗಳೂರಿನ ವಿಷಯ: ಊರನ್ನು ಐಪಿ ವಿಳಾಸದಿಂದ ಅಂದಾಜು ಮಾಡುತ್ತಾರೆ. ಮೊಬೈಲ್ ಡೇಟಾದಲ್ಲಿ ಆ ವಿಳಾಸ ಅನೇಕ ಸಲ ದೊಡ್ಡ ನಗರದ್ದಾಗಿ ಕಾಣುತ್ತದೆ, ಜಗಳೂರಿನವರೂ ಬೆಂಗಳೂರಿಗೆ ಸೇರಿಬಿಡುತ್ತಾರೆ. ಜಿಪಿಎಸ್ ಕೇಳಲು ಹೋಗಬೇಡಿ. ಮೊದಲ ಸಲ ತೆರೆದಾಗ ತಾಲ್ಲೂಕು ಆರಿಸಲು ಹೇಳಿ, ಅದರ ಕೋಡನ್ನು ಯೂಸರ್ ಪ್ರಾಪರ್ಟಿ (ಬಳಕೆದಾರರ ಬಗೆಗಿನ ವಿವರ) ಮಾಡಿ, ಅದನ್ನೂ ಡೈಮೆನ್ಷನ್ ಆಗಿ ನೋಂದಾಯಿಸಿ.

ಪರೀಕ್ಷೆಗೆ ಇವೆಂಟ್‌ಗಳನ್ನು ಆಗಿಂದಾಗಲೇ ತೋರಿಸುವ ಡೀಬಗ್‌ವ್ಯೂ ಬಳಸಿ. ಫೋನನ್ನು ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ಜೋಡಿಸಿ, ಟರ್ಮಿನಲ್‌ನಲ್ಲಿ 'ಎಡಿಬಿ ಶೆಲ್ ಸೆಟ್‌ಪ್ರಾಪ್ ಡೀಬಗ್.ಫೈರ್‌ಬೇಸ್.ಅನಲಿಟಿಕ್ಸ್.ಆ್ಯಪ್' ಅಂತ ಕೊಟ್ಟು, ಮುಂದೆ ಜಾಗ ಬಿಟ್ಟು ಪ್ಯಾಕೇಜ್ ಹೆಸರು ಹಾಕಿದರೆ ಇವೆಂಟ್‌ಗಳು ಕೆಲವೇ ಕ್ಷಣದಲ್ಲಿ ಕಾಣುತ್ತವೆ. ಮುಗಿದ ಮೇಲೆ ಪ್ಯಾಕೇಜ್ ಹೆಸರಿನ ಜಾಗದಲ್ಲಿ '.ನನ್.' ಕೊಟ್ಟು ನಿಲ್ಲಿಸಿ. ಸಾಮಾನ್ಯ ವರದಿ ತುಂಬಲು 24ರಿಂದ 48 ಗಂಟೆ ಹಿಡಿಯುತ್ತದೆ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಇವೆಂಟ್‌ಗಳು ಫೋನಿನಲ್ಲೇ ಕಾದಿದ್ದು ಆಮೇಲೆ ಬರುತ್ತವೆ. ನಿನ್ನೆಯ ಅಂಕಿ ಇವತ್ತು ಬದಲಾದರೆ ಗಾಬರಿ ಬೇಡ.

ರೈತರ ಫೋನ್ ನಂಬರು, ಹೆಸರು, ಎಫ್‌ಐಡಿ (ಸರ್ಕಾರದ ಫ್ರೂಟ್ಸ್ ತಂತ್ರಾಂಶದ ರೈತರ ಗುರುತಿನ ಸಂಖ್ಯೆ) ಇವನ್ನು ಯಾವ ಪ್ಯಾರಾಮೀಟರ್‌ನಲ್ಲೂ ಕಳಿಸಬೇಡಿ, ಗೂಗಲ್ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ. ಮ್ಯಾನಿಫೆಸ್ಟ್‌ನಲ್ಲಿ ಅನಲಿಟಿಕ್ಸ್ ಕಲೆಕ್ಷನ್ ಆಫ್ ಇಟ್ಟು, ಬಳಕೆದಾರರು ಒಪ್ಪಿದ ಮೇಲಷ್ಟೇ ಕೋಡ್‌ನಿಂದ ಆನ್ ಮಾಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ನಿಮ್ಮ ಸೂಚನೆ ಮೊದಲು ಕನ್ನಡದಲ್ಲೇ ತೆರೆದುಕೊಳ್ಳಲಿ, ನಾಲ್ಕು ಸಾಲಿನಲ್ಲಿ, ಏನು ದಾಖಲಾಗುತ್ತದೆ ಅಂತ ನೇರವಾಗಿ. ಅನಲಿಟಿಕ್ಸ್ ಎಸ್‌ಡಿಕೆ (ಆ್ಯಪ್‌ಗೆ ಸೇರಿಸಿದ ಅದರ ಕೋಡ್) ಜಾಹೀರಾತು ಐಡಿಯ ಪರ್ಮಿಷನ್ ಅನ್ನೂ ತಾನೇ ಸೇರಿಸುತ್ತದೆ. ನೀವು ಜಾಹೀರಾತು ಹಾಕದಿದ್ದರೆ ಅದನ್ನು ಮ್ಯಾನಿಫೆಸ್ಟ್‌ನಲ್ಲಿ ರಿಮೂವ್ ಮಾಡಿ, ಆಮೇಲೆ ಪ್ಲೇ ಕನ್ಸೋಲ್‌ನ ಡೇಟಾ ಸೇಫ್ಟಿ ಫಾರ್ಮ್ ಅನ್ನು ಈಗ ಕಳಿಸುತ್ತಿರುವ ಮಾಹಿತಿಗೆ ತಕ್ಕಂತೆ ತುಂಬಿ.