ಲೋಡ್ ಏರಿದಾಗ ಪಿಎಚ್ ಯಾಕೆ ಹಳಿ ತಪ್ಪುತ್ತದೆ?

ಪ್ರಶ್ನೆ: ಕಲ್ಲಿದ್ದಲು ವಿದ್ಯುತ್ ಸ್ಥಾವರದ ಎಫ್‌ಜಿಡಿ (ಹೊಗೆಯಿಂದ ಸಲ್ಫರ್ ಡೈಆಕ್ಸೈಡ್ ತೆಗೆಯುವ) ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಪಿಎಚ್ (ಆಮ್ಲೀಯತೆಯ ಅಳತೆ) ನೋಡಿಕೊಂಡು ಸುಣ್ಣದಕಲ್ಲಿನ ಸ್ಲರಿ (ಪುಡಿ ಬೆರೆಸಿದ ನೀರು) ಬಿಡುವ ವಾಲ್ವ್ ತಾನಾಗಿ ತೆರೆಯುವ ಲೂಪ್ (ಸ್ವಯಂ ನಿಯಂತ್ರಣ ವ್ಯವಸ್ಥೆ) ನಮ್ಮಲ್ಲಿದೆ. ಬಾಯ್ಲರ್ ಲೋಡ್ ಏರಿದ ಕೂಡಲೇ ಪಿಎಚ್ ಇಳಿದು, ಚಿಮಣಿಯಲ್ಲಿ ಸಲ್ಫರ್ ಡೈಆಕ್ಸೈಡ್ ಏರುತ್ತದೆ. ಆಮೇಲೆ ಪಿಎಚ್ 6 ದಾಟುತ್ತದೆ. ಲೂಪ್‌ನ ಟ್ಯೂನಿಂಗ್ (ಹೊಂದಾಣಿಕೆ) ಸರಿಯಿಲ್ಲವಾ ಸರ್?

ಉತ್ತರ: ಟ್ಯೂನಿಂಗ್‌ಗೆ ಸದ್ಯ ಕೈ ಹಾಕಬೇಡಿ. ಅಬ್ಸಾರ್ಬರ್ (ಹೊಗೆಗೆ ಸ್ಲರಿ ಸಿಂಪಡಿಸುವ ಗೋಪುರ) ತಳದ ಟ್ಯಾಂಕ್ ದೊಡ್ಡದು, ಸುಣ್ಣದಕಲ್ಲಿನ ಪುಡಿ ಕರಗುವುದೂ ನಿಧಾನ. ಪಿಎಚ್ ಇಳಿದದ್ದು ಕಂಡ ಮೇಲೆ ವಾಲ್ವ್ ತೆರೆದರೆ ಆಗಲೇ ತಡ. ಫಲ ಕಾಣದ ಲೂಪ್ ಇನ್ನಷ್ಟು ಸುರಿಯುತ್ತದೆ. ಅದೆಲ್ಲ ಕರಗಿದಾಗ ಪಿಎಚ್ ಜಿಗಿಯುತ್ತದೆ.

ಸ್ಲರಿಯನ್ನು ಮುಂಚಿತವಾಗಿಯೇ ಲೆಕ್ಕ ಹಾಕಿ ಕೊಡಬೇಕು. ಒಳಬರುವ ಹೊಗೆಯ ಹರಿವು, ಅದರಲ್ಲಿರುವ ಸಲ್ಫರ್ ಡೈಆಕ್ಸೈಡ್‌ನ ಸಾಂದ್ರತೆ ಇವೆರಡನ್ನು ಗುಣಿಸಿದರೆ ಗಂಟೆಗೆ ಎಷ್ಟು ಕೆ.ಜಿ. ಅನಿಲ ಬರುತ್ತಿದೆ ಎಂದು ಸಿಗುತ್ತದೆ. ಹಿಡಿಯಬೇಕಾದ ಪ್ರತಿ ಕೆ.ಜಿ.ಗೆ ಸುಮಾರು 1.56 ಕೆ.ಜಿ. ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಕಲ್ಲಿನ ಶುದ್ಧತೆ, ಸ್ಲರಿಯ ಸಾಂದ್ರತೆಯನ್ನೂ ಸೇರಿಸಿಕೊಳ್ಳಿ. ಇದೇ ಫೀಡ್‌ಫಾರ್ವರ್ಡ್. ಉಳಿದ ಸಣ್ಣ ತಿದ್ದುಪಡಿಯಷ್ಟೇ ಪಿಎಚ್ ಲೂಪ್‌ನ ಕೆಲಸ. ಲೋಡ್ ಒಂದನ್ನೇ ನಂಬಬೇಡಿ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲಲ್ಲಿ ಗಂಧಕ ಶೇ 0.5ರ ಆಸುಪಾಸು ಇರುತ್ತದೆ. ಅಸ್ಸಾಂ ಕಲ್ಲಿದ್ದಲಲ್ಲಿ ಶೇ 2ಕ್ಕಿಂತ ಜಾಸ್ತಿ. ಬೇರೆ ಕಲ್ಲಿದ್ದಲು ಬೆರೆಸಿದ ದಿನ ಲೋಡ್ ಅಷ್ಟೇ ಇದ್ದರೂ ಲೆಕ್ಕ ಕೆಡುತ್ತದೆ.

ಚಿಮಣಿಯ ಅಂಕಿ ಬೇಗ ಇಳಿಯಬೇಕಾದರೆ ಇನ್ನೊಂದು ರೀಸರ್ಕ್ಯುಲೇಷನ್ ಪಂಪ್ (ತಳದ ಸ್ಲರಿಯನ್ನು ಮತ್ತೆ ಮೇಲೆತ್ತಿ ಸಿಂಪಡಿಸುವ ಪಂಪ್) ಹಾಕಿ. ವಿದ್ಯುತ್ ಖರ್ಚು ಹೆಚ್ಚುತ್ತದೆ, ಆದರೆ ಫಲ ಕೂಡಲೇ ಕಾಣುತ್ತದೆ. ಪಿಎಚ್ ಏರಿಸಿ ಅದೇ ಫಲ ಪಡೆಯಲು ಹೋದರೆ ಕರಗದ ಸುಣ್ಣದಕಲ್ಲು ಇಲ್ಲಿ ಉಂಟಾಗುವ ಜಿಪ್ಸಂ ಜೊತೆ ಹೋಗುತ್ತದೆ, ನಾಝಲ್‌ಗಳಲ್ಲಿ ಗಟ್ಟಿ ಪದರ ಕೂರುತ್ತದೆ. ಸಾಮಾನ್ಯವಾಗಿ 5ರಿಂದ 6ರ ನಡುವೆ ಇಟ್ಟರೆ ಸಾಕು.

ಪಿಎಚ್ ಮೀಟರನ್ನೂ ಅನುಮಾನದಿಂದಲೇ ನೋಡಿ. ಎಲೆಕ್ಟ್ರೋಡ್ ಮೇಲೆ ಸ್ಲರಿ ಮೆತ್ತಿಕೊಳ್ಳುತ್ತದೆ. ನೀರಿನಿಂದ ತೊಳೆಯುವಾಗ ಹಳೇ ಸಿಗ್ನಲ್ಲನ್ನೇ ಹಿಡಿದಿಡುವ ಲಾಜಿಕ್ ಇದೆಯಾ ವಿಚಾರಿಸಿ. ಇಲ್ಲದಿದ್ದರೆ ಲೂಪ್ ತೊಳೆಯುವ ನೀರಿನ ಪಿಎಚ್ ನೋಡಿ ಸ್ಲರಿ ಕಡಿಮೆ ಮಾಡುತ್ತದೆ!

ಒಂದು ಸಂದರ್ಭದಲ್ಲಿ ಮಾತ್ರ ಲೂಪನ್ನು ಆಟೋದಲ್ಲಿ ಬಿಡುವುದು ಅಪಾಯಕಾರಿ. ಎಷ್ಟು ಸ್ಲರಿ ಹಾಕಿದರೂ ಪಿಎಚ್ ಏರುವುದಿಲ್ಲ, ಲೂಪ್ ವಾಲ್ವ್ ತೆರೆಯುತ್ತಲೇ ಇರುತ್ತದೆ. ಹಾರುಬೂದಿ ಹೆಚ್ಚು ಬಂದು, ಅದರಲ್ಲಿನ ಅಲ್ಯೂಮಿನಿಯಂ ಅಂಶವು ಫ್ಲೋರೈಡ್‌ನೊಂದಿಗೆ ಸೇರಿ ಸುಣ್ಣದಕಲ್ಲಿನ ಕಣಗಳನ್ನು ಮುಚ್ಚಿದಾಗ ಹೀಗಾಗುತ್ತದೆ. ಮೀಟರ್ ಸರಿಯಿದೆ ಎಂದು ಲ್ಯಾಬ್ ಸ್ಯಾಂಪಲ್‌ನಿಂದ ಖಚಿತವಾದರೆ ಲೂಪನ್ನು ಮ್ಯಾನ್ಯುವಲ್‌ಗೆ ಹಾಕಿ, ಇಎಸ್‌ಪಿಯ (ವಿದ್ಯುತ್ ಬಲದಿಂದ ಹಾರುಬೂದಿ ಹಿಡಿಯುವ ಯಂತ್ರ) ಎಲ್ಲ ಫೀಲ್ಡ್‌ಗಳೂ (ವಿಭಾಗಗಳೂ) ಚಾಲೂ ಇವೆಯಾ ಎಂದು ಮೊದಲು ನೋಡಿ.