10 ತಿಂಗಳ ಮಗು ಒಂದು ಕಡೆ ಕೂರುವುದೇ ಇಲ್ಲ, ನಿಮ್ಮ ಮನೆಯಲ್ಲಿ ದಿನ ಹೇಗೆ ಸಾಗುತ್ತದೆ?

ಹೊಸೂರಿನಲ್ಲಿ ಬಾಡಿಗೆ ಮನೆ, ಇಬ್ಬರೂ ಕೆಲಸಕ್ಕೆ ಹೋಗುವವರು, ಮಗ ಎಚ್ಚರ ಇರುವಷ್ಟು ಹೊತ್ತೂ ಓಡಾಟ, ವಾಕರ್ ತರಬಹುದಾ ಎಂದು ಕೇಳಿದ್ದೀರಿ. ವಾಕರ್ ಮಾತ್ರ ಬೇಡ. ಅದರಲ್ಲಿ ಕೂತ ಮಗು ನೋಡನೋಡುತ್ತಲೇ ಮೆಟ್ಟಿಲ ತುದಿಗೋ ಒಲೆಯ ಹತ್ತಿರಕ್ಕೋ ಹೋಗಿಬಿಡುತ್ತದೆ. ನಡಿಗೆಯೂ ಅದರಿಂದ ಬೇಗ ಬರುವುದಿಲ್ಲ. ಕೆನಡಾದಲ್ಲಂತೂ 2004ರಿಂದ ಅದನ್ನು ಮಾರುವಂತೆಯೇ ಇಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳಿಗೆ 11 ತಿಂಗಳು. ಹೆಂಡತಿ ಬೆಳಿಗ್ಗೆ ಬಸ್ಸು ಹಿಡಿದು ಕಾಸರಗೋಡಿಗೆ ಕೆಲಸಕ್ಕೆ ಹೋಗುತ್ತಾಳೆ. ನಾನು ಅಡಿಕೆ ತೋಟ ನೋಡಿಕೊಳ್ಳುವವನು. ಅಮ್ಮ ಜೊತೆಗಿದ್ದಾರೆ, ಆದರೆ ಅವರಿಗೆ ಮಂಡಿನೋವು. ಮಗುವಿನ ಹಿಂದೆ ಓಡಿ ಎಂದು ಅವರಿಗೆ ಹೇಳುವ ಹಾಗಿಲ್ಲ. ಅದಕ್ಕೇ ಚಾವಡಿಯನ್ನು ಪೂರ್ತಿ ಮಗಳಿಗೇ ಬಿಟ್ಟುಕೊಟ್ಟೆವು.

ನೀವೂ ಒಂದು ಕೋಣೆ ಹೀಗೆ ಬಿಟ್ಟುಕೊಡಿ. ಮೊದಲು ನೀವೇ ನೆಲದ ಮೇಲೆ ಅಂಬೆಗಾಲಿಟ್ಟು ಒಂದು ಸುತ್ತು ಬನ್ನಿ. ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ. ನನಗೆ ಕಂಡದ್ದು ಮಂಚದ ಹಿಂದಿನ ಪ್ಲಗ್ಗು, ಜೋತುಬಿದ್ದ ಚಾರ್ಜರ್ ವೈರು, ಅಮ್ಮನ ಎಲೆಯಡಿಕೆ ಹರಿವಾಣ. ನಮ್ಮ ಕಡೆ ಅಡಿಕೆಯದ್ದೇ ದೊಡ್ಡ ಭಯ. ಬೇಸಿಗೆಯಲ್ಲಿ ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ, ಸುಲಿದ ಅಡಿಕೆ ಮೂಲೆ ಮೂಲೆಗೂ ಉರುಳುತ್ತದೆ. ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಲು ಒಂದು ಹೋಳು ಸಾಕು. ಸುಲಿಯುವ ಕೆಲಸವನ್ನು ಕೊಟ್ಟಿಗೆಯ ಬದಿಗೆ ಸಾಗಿಸಿದೆವು. ನಿಮ್ಮಲ್ಲಿ ನೆಲಗಡಲೆ, ನಾಣ್ಯ, ರಿಮೋಟಿನ ಗುಂಡಗಿನ ಸಣ್ಣ ಬ್ಯಾಟರಿ ನೋಡಿಕೊಳ್ಳಿ. ಬ್ಯಾಟರಿ ನುಂಗಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆ. ಬಚ್ಚಲಿನ ಬಕೆಟ್ಟಿನಲ್ಲಿ ನೀರು ಉಳಿಸಬೇಡಿ. ನಾಲ್ಕು ಬೆರಳಷ್ಟು ನೀರೂ ಈ ವಯಸ್ಸಿನ ಮಕ್ಕಳಿಗೆ ಅಪಾಯ.

ಇದೊಂದನ್ನು ಗಂಡ ಹೆಂಡತಿ ಇಬ್ಬರೂ ಕಲಿತಿರಲೇಬೇಕು. ಗಂಟಲಲ್ಲಿ ಏನಾದರೂ ಸಿಕ್ಕಿ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದಿದ್ದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿನಲ್ಲಿರಲಿ, ಬೆನ್ನಿನ ಮೇಲ್ಭಾಗಕ್ಕೆ ಅಂಗೈಯ ಬುಡದಿಂದ 5 ಏಟು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು. ಮತ್ತೆ ಬೆನ್ನಿಗೆ, ಮತ್ತೆ ಎದೆಗೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ್ದನ್ನು ತೆಗೆಯಲು ಬಾಯಿಗೆ ಬೆರಳು ಹಾಕಬೇಡಿ. ಮುಂದಿನ ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮನ ಹತ್ತಿರ ಕೇಳಿ, ಒಮ್ಮೆ ಮಾಡಿ ತೋರಿಸುತ್ತಾರೆ.

ಊಟದ ವಿಷಯ ಸುಲಭ. ಬೆಳಿಗ್ಗೆ ರಾಗಿ ಮಣ್ಣಿ, ಮಧ್ಯಾಹ್ನ ಅನ್ನ ಬೇಳೆ ತುಪ್ಪ. ಒಂದು ವರ್ಷದವರೆಗೆ ಉಪ್ಪು, ಬೆಲ್ಲ, ಜೇನು ಇಲ್ಲ. ಅಂಗನವಾಡಿಯಿಂದ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳು) ಹೆಂಗಸರು ಮಾಡುವ ಅಮೃತಂ ಪುಡಿ ಬರುತ್ತದೆ. ಗೋಧಿ, ಕಡಲೆ, ಸೋಯಾ ಎಲ್ಲ ಇರುವ ಒಳ್ಳೆಯ ಪುಡಿ, ಆದರೆ ಸಕ್ಕರೆಯೂ ಇರುವುದರಿಂದ ಅದನ್ನು ಆಮೇಲೆ ಕೊಡೋಣ ಅಂತಿದ್ದೇವೆ.

ಕಷ್ಟ ಇರುವುದು ಮಳೆಗಾಲದಲ್ಲಿ. ಹೊರಗೆ ಕಾಲಿಡುವ ಹಾಗಿಲ್ಲ, ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ಮಗುವಿನ ಹುರುಪು ಮಾತ್ರ ತಗ್ಗುವುದಿಲ್ಲ. ಆಗ ಮೊಬೈಲ್ ಕೊಟ್ಟು ಕೂರಿಸೋಣ ಅನಿಸುತ್ತದೆ, ಅಲ್ವಾ? ಒಂದು ವರ್ಷದೊಳಗೆ ಅದು ಬೇಡವೇ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಸ್ಟೀಲ್ ತಟ್ಟೆ, ಸೌಟು, ತೆಂಗಿನ ಗೆರಟೆ ಕೊಡುತ್ತೇವೆ. ಗಲಾಟೆ ಜಾಸ್ತಿ, ಆದರೆ ಒಳ್ಳೇ ಗಲಾಟೆ.

ಸಂಜೆ ಹೆಂಡತಿ ಬಂದ ಕೂಡಲೇ ಮಗುವನ್ನು ಕೈಗೆ ಕೊಡುವುದಿಲ್ಲ. ಮುಖ ತೊಳೆದು ಕಾಫಿ ಕುಡಿಯುವ ತನಕ ಮಗಳು ನನ್ನ ಜೊತೆ. ರಾತ್ರಿಯ ಎಚ್ಚರಗಳನ್ನೂ ಹಂಚಿಕೊಂಡಿದ್ದೇವೆ. ಈ ಎರಡು ಇಲ್ಲದಿದ್ದರೆ ನಮ್ಮಿಬ್ಬರ ನಡುವೆ ಜಗಳವೇ ಆಗುತ್ತಿತ್ತು.

ನಿಮ್ಮ ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಎಂದರೆ ಶಿಶುವಿಹಾರವೋ ಆಯಾನೋ ಬೇಕಾಗುತ್ತದೆ. ಹೇಳದೇ ಕೇಳದೇ ಒಂದು ಮಧ್ಯಾಹ್ನ ಹೋಗಿ ನೋಡಿ. ಮಕ್ಕಳು ನೆಲದಲ್ಲಿ ಓಡಾಡಿಕೊಂಡಿದ್ದಾರಾ, ಟಿವಿ ಮುಂದೆ ಕುರ್ಚಿಗೆ ಕಟ್ಟಿ ಕೂರಿಸಿದ್ದಾರಾ? ಎರಡನೆಯದಾದರೆ ಫೀಸು ಎಷ್ಟೇ ಕಡಿಮೆ ಇರಲಿ, ಬೇರೆ ಕಡೆ ಹುಡುಕಿ.